ಛನ್ನಗಂಧ: ಮೃಗಯಾವಿದ್ಯೆಯಲ್ಲಿ ಘ್ರಾಣದ ವಿಚಾರವೂ ಗ್ರಂಥಸಂಪಾದಕರ ಹೊಣೆಯೂ

ಪ್ರಾಚೀನ ಭಾರತದ ಲೌಕಿಕ ಶಾಸ್ತ್ರಗಳಲ್ಲಿ ಮೃಗಯಾವಿದ್ಯೆಗೂ ಒಂದು ಸ್ಥಾನವಿದ್ದಿತು. ರಾಜನೀತಿಯ ಗ್ರಂಥಗಳಲ್ಲಿಯೂ, ಅರಸರ ವಿನೋದಗಳನ್ನು ವಿವರಿಸುವ ಗ್ರಂಥಗಳಲ್ಲಿಯೂ, ಮಹಾಕಾವ್ಯಗಳ ವರ್ಣನೆಗಳಲ್ಲಿಯೂ ಇದರ ವಿಷಯ ಹರಡಿಕೊಂಡಿದೆ. ಇದೇ ವಿದ್ಯೆಯನ್ನು ಜೈನಾಚಾರ್ಯರು ಸಪ್ತವ್ಯಸನಗಳಲ್ಲಿ ಒಂದೆಂದು ಎಣಿಸಿದರು. ದ್ಯೂತಕ್ಕೆ ಯುಧಿಷ್ಠಿರನನ್ನೂ ಮಾಂಸಭಕ್ಷಣಕ್ಕೆ ಬಕನನ್ನೂ ನಿದರ್ಶನವಾಗಿ ಕೊಡುವ ವಸುನಂದಿಯ ಶ್ರಾವಕಾಚಾರವು ಬೇಟೆಗೆ ಬ್ರಹ್ಮದತ್ತ ಚಕ್ರವರ್ತಿಯನ್ನು ಹೆಸರಿಸುತ್ತದೆ. ಹೀಗಿದ್ದರೂ ಬೇಟೆಯನ್ನು ಕುರಿತ ತಿಳಿವಳಿಕೆ ಜೈನ ಕವಿಗಳ ಕೃತಿಗಳಲ್ಲಿಯೂ ಜೈನ ಭಂಡಾರಗಳಲ್ಲಿಯೂ ಉಳಿದುಬಂದಿದೆ. ಬೇಟೆಯ ಉಪಾಯಗಳನ್ನು ಹೇಳುವ ಓಲೆಗರಿಯೊಂದು ಕೈಗೆ ಬಂದಾಗ ಅಹಿಂಸಾವ್ರತಿಯಾದ ಸಂಪಾದಕನು ಅದನ್ನು ಪ್ರಕಟಿಸಬಹುದೇ, ಪ್ರಕಟಿಸುವುದಾದರೆ ಹೇಗೆ, ಎಂಬ ಪ್ರಶ್ನೆ ಆದಕಾರಣ ಸಹಜವಾಗಿಯೇ ಏಳುತ್ತದೆ.

ಈ ಪ್ರಶ್ನೆಯನ್ನು ಪರಿಶೀಲಿಸಲು ಬೇಟೆಯ ಉಪಾಯಗಳಲ್ಲಿ ಒಂದನ್ನು, ಎಂದರೆ ಗಂಧದ ಉಪಾಯವನ್ನು, ಇಲ್ಲಿ ಆರಿಸಿಕೊಳ್ಳಲಾಗಿದೆ. ಇದರಲ್ಲಿ ಎರಡು ಭೇದಗಳಿವೆ. ಬೇಟೆಗಾರನು ತನ್ನ ಮೈಯ ವಾಸನೆಯನ್ನು ಮೃಗಕ್ಕೆ ತಿಳಿಯದಂತೆ ಮರೆಸುವುದು ಒಂದು; ಇದನ್ನು ಗಂಧಚ್ಛಾದನವೆನ್ನಬಹುದು. ಮೃಗಕ್ಕೆ ಪ್ರಿಯವಾದ ವಾಸನೆಯನ್ನು ಒಡ್ಡಿ ಅದನ್ನು ಬಳಿಗೆ ಸೆಳೆಯುವುದು ಇನ್ನೊಂದು; ಇದು ಗಂಧಪ್ರಲೋಭನ. ಜಿಂಕೆಯ ಬೇಟೆಯಲ್ಲಿ ಇವೆರಡಕ್ಕೂ ಇಂದು ಹೊರದೇಶಗಳಲ್ಲಿ ಅಂಗಡಿಯ ಸರಕುಗಳೇ ಇವೆ. ನಮ್ಮ ಹಳೆಯ ಗ್ರಂಥಗಳಲ್ಲಿ ಇವುಗಳ ಸ್ಥಿತಿಯೇನು, ಜೈನ ಶಾಸ್ತ್ರವು ಇವುಗಳನ್ನು ಹೇಗೆ ಅಳೆಯುತ್ತದೆ ಎಂಬುದು ವಿಚಾರಾರ್ಹವಾಗಿದೆ.

೧. ಅರ್ಥಶಾಸ್ತ್ರದ ಸಾಕ್ಷ್ಯ

ಗಂಧಚ್ಛಾದನದ ಸ್ಪಷ್ಟವಾದ ಉಲ್ಲೇಖವು ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದ ಎರಡನೆಯ ಅಧ್ಯಾಯದಲ್ಲಿದೆ. ಈ ಗ್ರಂಥದ ತಾಡವೋಲೆಯ ಪ್ರತಿಯು ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ ಬಂದು, ಆರ್. ಶಾಮಶಾಸ್ತ್ರಿಗಳ ಪರಿಶ್ರಮದಿಂದ ೧೯೦೯ರಲ್ಲಿ ಮುದ್ರಿತವಾದುದೂ, ೧೯೧೫ರಲ್ಲಿ ಅವರ ಇಂಗ್ಲಿಷ್ ಅನುವಾದವು ಪ್ರಕಟವಾದುದೂ ವಿದ್ವಾಂಸರಿಗೆ ವಿದಿತವೇ ಆಗಿದೆ. ಕನ್ನಡ ನಾಡಿನ ಒಂದು ಹಸ್ತಪ್ರತಿ ಭಂಡಾರದ ಮೂಲಕವೇ ಈ ಸಾಕ್ಷ್ಯವು ಮತ್ತೆ ಬೆಳಕಿಗೆ ಬಂದಿತೆಂಬುದು ಗಮನಾರ್ಹ.

ಆನೆಗಳ ಕಾಡನ್ನು ಕಾಯುವ ನಾಗವನಪಾಲರ ಕರ್ತವ್ಯವನ್ನು ಆ ಅಧ್ಯಾಯವು ವಿವರಿಸುತ್ತದೆ. ಅವರು ಮಾವುತರು, ಕಾಲಿಗೆ ಪಾಶ ಹಾಕುವವರು, ಗಡಿ ಕಾಯುವವರು, ವನಚರರು ಮುಂತಾದವರನ್ನು ಜೊತೆಗೆ ಕರೆದುಕೊಂಡು, ಆನೆಯ ಮೂತ್ರ ಮತ್ತು ಲದ್ದಿಗಳಿಂದ ತಮ್ಮ ವಾಸನೆಯನ್ನು ಮರೆಸಿಕೊಂಡು, ಭಲ್ಲಾತಕೀ ಎಂದರೆ ಗೇರುಮರದ ಕೊಂಬೆಗಳಿಂದ ಮೈಯನ್ನು ಮುಚ್ಚಿಕೊಂಡು, ಐದು ಅಥವಾ ಏಳು ಹೆಣ್ಣಾನೆಗಳೊಡನೆ ಸಂಚರಿಸಬೇಕು. ಆನೆಗಳು ಮಲಗಿದ ಎಡೆ, ಹೆಜ್ಜೆಯ ಗುರುತು, ಲದ್ದಿ, ಕೆಡವಿದ ಹೊಳೆಯ ದಡ ಇವುಗಳನ್ನು ನೋಡಿ ಹಿಂಡುಗಳ ಪರಿಮಾಣವನ್ನು ತಿಳಿಯಬೇಕು.

ಇಲ್ಲಿ ಮೂರು ಸಂಗತಿಗಳನ್ನು ಬಿಡಿಸಿ ನೋಡಬೇಕು. ಮೊದಲನೆಯದಾಗಿ, ಕೊಂಬೆಗಳ ಮರೆಯು ಕಣ್ಣಿಗೆ, ಮೂತ್ರಪುರೀಷಗಳ ಮರೆಯು ಮೂಗಿಗೆ. ಎರಡು ಇಂದ್ರಿಯಗಳಿಗೆ ಎರಡು ಆವರಣಗಳನ್ನು ಶಾಸ್ತ್ರಕಾರನು ಪ್ರತ್ಯೇಕವಾಗಿ ವಿಧಿಸಿದ್ದಾನೆ. ಎರಡನೆಯದಾಗಿ, ಗಂಧವು ‘ಛನ್ನ’ವಾಗಬೇಕೆಂದು ಅವನು ಹೇಳುತ್ತಾನೆ, ‘ನಷ್ಟ’ವಾಗಬೇಕೆಂದು ಹೇಳುವುದಿಲ್ಲ. ಈ ಪದದ ಔಚಿತ್ಯವನ್ನು ಮುಂದೆ ವಿವೇಚಿಸಲಾಗುವುದು. ಮೂರನೆಯದಾಗಿ, ಆ ವಾಕ್ಯದಲ್ಲಿ ಹೇಳಿದ ಪ್ರಯೋಜನವು ವಧೆಯಲ್ಲ. ಹಿಂಡುಗಳ ಪರಿಮಾಣವನ್ನು ಅರಿಯುವುದೇ ಅದರ ಪ್ರಯೋಜನ. ಅದೇ ಅಧ್ಯಾಯದಲ್ಲಿ ಆನೆಯನ್ನು ಕೊಂದವನಿಗೆ ಮರಣದಂಡನೆಯೂ, ತಾನಾಗಿ ಸತ್ತ ಆನೆಯ ದಂತಗಳನ್ನು ತಂದೊಪ್ಪಿಸಿದವನಿಗೆ ನಾಲ್ಕೂಕಾಲು ಪಣಗಳ ಬಹುಮಾನವೂ ವಿಹಿತವಾಗಿವೆ. ಹಿಡಿಯುವ ಕಾಲವು ಗ್ರೀಷ್ಮ. ಮರಿ, ರೋಗಪೀಡಿತವಾದ ಆನೆ, ಗರ್ಭಿಣಿ, ಹಾಲೂಡಿಸುವ ಹೆಣ್ಣಾನೆ ಇವುಗಳನ್ನು ಹಿಡಿಯಲಾಗದು. ಗಂಧಚ್ಛಾದನದ ಈ ಪ್ರಾಚೀನ ಉಲ್ಲೇಖವು ಹೀಗೆ ಕಾವಲಿನ ಪ್ರಸಂಗದಲ್ಲಿ ಬಂದಿದೆಯೆಂಬುದನ್ನು ಮರೆಯಲಾಗದು.

೨. ಮಣ್ಣೆಯ ಗಂಗರು

ಆನೆಗಳನ್ನು ಕುರಿತ ಈ ವಿದ್ಯೆಗೂ ಕನ್ನಡ ನಾಡಿನ ಜೈನ ಇತಿಹಾಸಕ್ಕೂ ಸಂಬಂಧ ಕಲ್ಪಿಸುವ ಊರೊಂದು ನೆಲಮಂಗಲ ತಾಲ್ಲೂಕಿನಲ್ಲಿದೆ. ಅದು ಮಣ್ಣೆ; ಶಾಸನಗಳ ಮಾನ್ಯಪುರ. ಎಂಟನೆಯ ಶತಮಾನದಲ್ಲಿ ಗಂಗರ ಶ್ರೀಪುರುಷನು ಇದನ್ನು ತನ್ನ ರಾಜಧಾನಿಯನ್ನಾಗಿ ಮಾಡಿಕೊಂಡನು. ಅವನು ಗಜಶಾಸ್ತ್ರವೊಂದನ್ನು ರಚಿಸಿದನೆಂದೂ, ಅವನ ಮಗನಾದ ಇಮ್ಮಡಿ ಶಿವಮಾರನು ಗಜಾಷ್ಟಕವೆಂಬ ಕೃತಿಯನ್ನು ರಚಿಸಿದನೆಂದೂ ಶಾಸನಗಳಿಂದ ತಿಳಿದುಬರುತ್ತದೆ. ಈ ಎರಡು ಕೃತಿಗಳೂ ಇಂದು ಉಪಲಬ್ಧವಿಲ್ಲ. ಆನೆಯನ್ನೇ ಲಾಂಛನವಾಗಿ ಧರಿಸಿದ ವಂಶದ ಅರಸರು ಆನೆಯ ಶಾಸ್ತ್ರವನ್ನು ಬರೆದುದರಲ್ಲಿ ಆಶ್ಚರ್ಯವಿಲ್ಲ. ಇಂತಹ ಗ್ರಂಥಗಳ ನಷ್ಟವು ಹಸ್ತಪ್ರತಿಶಾಸ್ತ್ರದ ದೃಷ್ಟಿಯಿಂದ ಎಷ್ಟು ದೊಡ್ಡದೆಂಬುದನ್ನು ಮಾತ್ರ ಇಲ್ಲಿ ನೆನೆಯಬೇಕು.

ಇದೇ ಮಾನ್ಯಪುರದಲ್ಲಿ ಗಂಗರ ದಂಡನಾಯಕನಾದ ಶ್ರೀವಿಜಯನು ಜಿನಾಲಯವೊಂದನ್ನು ಕಟ್ಟಿಸಿದನು. ಮಾರಸಿಂಹನ ಕಾಲದ ಕ್ರಿ.ಶ. ೭೯೭ರ ತಾಮ್ರಶಾಸನವು ಈ ಬಸದಿಗೆ ಕೊಟ್ಟ ದತ್ತಿಯನ್ನು ದಾಖಲಿಸುತ್ತದೆ. ಗಂಗವಾಡಿಯು ರಾಷ್ಟ್ರಕೂಟರ ಅಧೀನಕ್ಕೆ ಬಂದ ಬಳಿಕ, ಕ್ರಿ.ಶ. ೮೦೨ರ ಶಾಸನದಲ್ಲಿ ಅದೇ ಬಸದಿಗೆ ಮತ್ತೊಂದು ದತ್ತಿ ದೊರೆತಿದೆ. ಆಳುವ ಮನೆತನ ಬದಲಾದರೂ ಬಸದಿಯ ಮಾನ್ಯತೆ ಬದಲಾಗಲಿಲ್ಲ.

ಒಂದೇ ರಾಜಧಾನಿಯಲ್ಲಿ ಅರಮನೆಯಲ್ಲಿ ಮೃಗಗಳನ್ನು ಹಿಡಿದು ಪಳಗಿಸುವ ಶಾಸ್ತ್ರವೂ, ಬಸದಿಯಲ್ಲಿ ಪ್ರಾಣಿದಯೆಯ ಉಪದೇಶವೂ ನಡೆಯುತ್ತಿದ್ದುವು. ಮೃಗಗಳ ಸ್ವಭಾವವನ್ನು ಅರಿತ ಅರಸರ ನಡುವೆಯೇ ನಮ್ಮ ಆಚಾರ್ಯರು ಬಾಳಿದರು. ಲೋಕದ ಕ್ರೌರ್ಯವನ್ನು ಅರಿಯದೆ ಅಹಿಂಸೆಯನ್ನು ಬೋಧಿಸಿದರೆಂಬ ಆಕ್ಷೇಪಕ್ಕೆ ಇಲ್ಲಿ ಎಡೆಯಿಲ್ಲ.

೩. ಜಿಂಕೆಯ ಬೇಟೆ

ಆನೆಯಿಂದ ಜಿಂಕೆಗೆ ಬಂದರೆ ಉಪಾಯಗಳ ಸ್ವರೂಪವೇ ಬದಲಾಗುತ್ತದೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು (ಕ್ರಿ.ಶ. ೧೧೨೬–೧೧೩೮) ರಚಿಸಿದ ಮಾನಸೋಲ್ಲಾಸವು ನೂರು ಅಧ್ಯಾಯಗಳ ಸಂಸ್ಕೃತ ವಿಶ್ವಕೋಶ. ಅದರ ವಿನೋದವಿಂಶತಿಯಲ್ಲಿ ಮೃಗಯೆಗೆ ಮೀಸಲಾದ ಭಾಗವಿದ್ದು, ಪಳಗಿಸಿದ ಮೃಗದ ನೆರವಿನಿಂದ ಕಾಡುಮೃಗವನ್ನು ಸೆಳೆಯುವ ಕ್ರಮವು ಅಲ್ಲಿ ವಿವರವಾಗಿ ಬಂದಿದೆ. ಇಂತಹ ಸೆಳೆಯುವ ಮೃಗಕ್ಕೆ ಕನ್ನಡದಲ್ಲಿ ‘ದೀವ’ ಅಥವಾ ‘ದೀಮ’ ಎಂಬ ಅಚ್ಚ ಶಬ್ದವೇ ಇದೆ. ಕೊಂಬಿಗೆ ಪಾಶವನ್ನು ಕಟ್ಟಿದ ಸಾಕಿದ ಗಂಡು ಜಿಂಕೆಯನ್ನು ಬಿಟ್ಟು, ಅದರೊಡನೆ ಕಾದಲು ಬಂದ ಕಾಡು ಜಿಂಕೆಯನ್ನು ಸಿಕ್ಕಿಸುವ ಪದ್ಧತಿಯನ್ನು ಮೊಗಲರ ಕಾಲದಲ್ಲಿ ಅಬುಲ್ ಫಜಲನೂ ಬಣ್ಣಿಸಿದ್ದಾನೆ.

ಜೈನ ಕವಿಯಾದ ಪಂಪನು ಕ್ರಿ.ಶ. ೯೪೧ರಲ್ಲಿ ರಚಿಸಿದ ವಿಕ್ರಮಾರ್ಜುನವಿಜಯದ ಐದನೆಯ ಆಶ್ವಾಸದಲ್ಲಿ ಬೇಟೆಯ ದೀರ್ಘ ಪ್ರಸಂಗವೊಂದಿದೆ. ಬೇಡರ ನುಡಿಯ ಪಾರಿಭಾಷಿಕ ಪದಗಳು ಅಲ್ಲಿ ದಟ್ಟವಾಗಿವೆ. ಡಿ.ಎಲ್. ನರಸಿಂಹಾಚಾರ್ಯರ ಪಂಪಭಾರತ ದೀಪಿಕೆಯನ್ನು (೧೯೭೧) ಕೈಯಲ್ಲಿ ಹಿಡಿಯದೆ ಆ ಭಾಗವನ್ನು ದಾಟುವುದು ಇಂದಿಗೂ ಕಷ್ಟ. ಕಾಳಿದಾಸನ ರಘುವಂಶದ ಒಂಬತ್ತನೆಯ ಸರ್ಗದಲ್ಲಿ ದಶರಥನು ಎಲೆಯ ಬಣ್ಣದ ಕವಚವನ್ನು ತೊಟ್ಟು ಬೇಟೆಗೆ ಹೊರಡುತ್ತಾನೆ. ಇದು ಕಣ್ಣಿಗೆ ಮಾಡಿದ ಮರೆ.

ಮೂಗಿನ ಮಾತಿಗೆ ಬಂದರೆ, ಜಿಂಕೆಯ ಬೇಟೆಯಲ್ಲಿ ಬೇಟೆಗಾರನು ಮುಖ್ಯವಾಗಿ ನೆಚ್ಚಿದುದು ಗಾಳಿಯನ್ನು. ಗಾಳಿಯು ಮೃಗದ ಕಡೆಯಿಂದ ತನ್ನ ಕಡೆಗೆ ಬೀಸುವಂತೆ ನಿಂತರೆ ಅವನ ವಾಸನೆ ಮೃಗವನ್ನು ಮುಟ್ಟದು. ಗಾಳಿ ತಿರುಗಿದರೆ ಮೃಗ ಕಾಣದಾಗುತ್ತದೆ. ಬಯಲಿನ ಕೃಷ್ಣಮೃಗವು ಕಣ್ಣನ್ನು ಹೆಚ್ಚಾಗಿ ನಂಬಿದರೆ, ದಟ್ಟ ಕಾಡಿನ ಕಡವೆಯು ಮೂಗನ್ನೂ ಕಿವಿಯನ್ನೂ ನಂಬುತ್ತದೆ. ಇನ್ನೊಂದು ಕಡೆ ಬೇಟೆಗಾರನು ನಾಯಿಯ ಮೂಗನ್ನು ಎರವಲು ಪಡೆಯುತ್ತಾನೆ. ಕ್ರಿ.ಶ. ೯೪೯ರ ಸುಮಾರಿನ ಆತಕೂರಿನ ಶಾಸನದಲ್ಲಿ ಗಂಗ ಬೂತುಗನಿಂದ ಮಣಲೆರನು ‘ಕಾಳಿ’ ಎಂಬ ಬೇಟೆನಾಯಿಯನ್ನು ಬೇಡಿ ಪಡೆದುದೂ, ಆ ನಾಯಿ ಹಂದಿಯೊಡನೆ ಹೋರಾಡಿ ಎರಡೂ ಮಡಿದುದೂ ಕೆತ್ತಲ್ಪಟ್ಟಿದೆ. ತನ್ನ ವಾಸನೆಯನ್ನು ಅಡಗಿಸುವುದು, ಮೃಗದ ವಾಸನೆಯನ್ನು ನಾಯಿಯಿಂದ ಅರಿಯುವುದು: ಬೇಟೆಯಲ್ಲಿ ಘ್ರಾಣದ ವ್ಯವಹಾರವು ಹೀಗೆ ಎರಡು ಮುಖವಾಗಿದೆ.

೪. ಕುರಂಗ ಮತ್ತು ಭೃಂಗ

ಇಲ್ಲಿ ಒಂದು ಶಂಕೆ ಏಳಬಹುದು. ಒಂದೊಂದು ಇಂದ್ರಿಯದ ಆಸಕ್ತಿಯಿಂದ ಒಂದೊಂದು ಪ್ರಾಣಿ ಕೆಡುತ್ತದೆಂಬ ದೃಷ್ಟಾಂತವು ಸಕಲ ಸಂಪ್ರದಾಯಗಳಿಗೂ ಸಮಾನ. ಶಿವಾರ್ಯನ ಭಗವತೀ ಆರಾಧನೆಯಲ್ಲಿಯೂ ಅದು ಬಂದಿದೆ. ಶಬ್ದದಿಂದ ಮೃಗ, ರೂಪದಿಂದ ಪತಂಗ, ಸ್ಪರ್ಶದಿಂದ ಕಾಡಾನೆ, ರಸದಿಂದ ಮೀನು, ಗಂಧದಿಂದ ದುಂಬಿ ಎಂಬುದೇ ಅದರ ಕ್ರಮ. ವಡ್ಡಾರಾಧನೆಯ ಕಥೆಗಳ ಮೂಲವನ್ನು ಈ ಗ್ರಂಥದ ಗಾಹೆಗಳಲ್ಲಿ ಗುರುತಿಸಿರುವುದರಿಂದ ಕನ್ನಡ ವಿದ್ವಾಂಸರಿಗೆ ಇದು ಸುಪರಿಚಿತ. ಜಿಂಕೆಯ ಮೂಗು ಅಷ್ಟು ಚುರುಕಾಗಿದ್ದರೆ ಗಂಧದ ನಿದರ್ಶನಕ್ಕೆ ಜಿಂಕೆಯನ್ನೇಕೆ ಹೇಳಲಿಲ್ಲ?

ಸಮಾಧಾನವು ದೃಷ್ಟಾಂತದ ತಾತ್ಪರ್ಯದಲ್ಲಿಯೇ ಇದೆ. ಆಚಾರ್ಯರು ಹೇಳುತ್ತಿರುವುದು ಇಂದ್ರಿಯದ ಪಾಟವವನ್ನಲ್ಲ, ಇಂದ್ರಿಯವಿಷಯದಲ್ಲಿ ಉಂಟಾಗುವ ಆಸಕ್ತಿಯನ್ನು. ಬೇಡನ ಗಾನಕ್ಕೆ ಮರುಳಾಗಿ ನಿಂತ ಜಿಂಕೆಗೆ ಕಿವಿಯೇ ಶತ್ರುವಾಯಿತು. ಅದೇ ಜಿಂಕೆಗೆ ಮೂಗು ಕಾವಲುಗಾರ. ಗಾಳಿಯಲ್ಲಿ ಬಂದ ಮನುಷ್ಯನ ವಾಸನೆಯಲ್ಲಿ ಅದಕ್ಕೆ ರಾಗವಿಲ್ಲ, ಭಯವಿದೆ. ಭಯಸಂಜ್ಞೆಯನ್ನು ಎಚ್ಚರಿಸುವ ಇಂದ್ರಿಯವು ರಾಗದ ದೃಷ್ಟಾಂತಕ್ಕೆ ಒದಗದು. ಆದುದರಿಂದ ದೃಷ್ಟಾಂತಕ್ಕೂ ಪ್ರಾಣಿಸ್ವಭಾವಕ್ಕೂ ವಿರೋಧವಿಲ್ಲ.

ಆದರೆ ಗಂಧಪ್ರಲೋಭನವು ಈ ವ್ಯವಸ್ಥೆಯನ್ನೇ ತಲೆಕೆಳಗು ಮಾಡುತ್ತದೆ. ಕೃಷ್ಣಮೃಗದ ಗಂಡು ಕಣ್ಣಿನ ಮುಂಭಾಗದ ಗ್ರಂಥಿಯ ಸ್ರಾವವನ್ನು ಕಡ್ಡಿಗಳಿಗೂ ಹುಲ್ಲಿಗೂ ಸವರಿ, ಒಂದೇ ಎಡೆಯಲ್ಲಿ ಹಿಕ್ಕೆಯ ರಾಶಿ ಹಾಕಿ ತನ್ನ ನೆಲೆಯನ್ನು ಗುರುತು ಮಾಡುತ್ತದೆ. ಹರಿಣಜಾತಿಯ ಗಂಡುಗಳು ಹೆಣ್ಣಿನ ಮೂತ್ರವನ್ನು ಮೂಸಿ ಮೇಲ್ದುಟಿಯನ್ನೆತ್ತಿ ಅದರ ಋತುಕಾಲವನ್ನು ಅರಿಯುತ್ತವೆ. ಈ ಸ್ವಭಾವವನ್ನು ಬಲ್ಲ ಹೊರದೇಶದ ಬೇಟೆಗಾರರು ಹೆಣ್ಣು ಜಿಂಕೆಯ ಮೂತ್ರವನ್ನು ಶೀಶೆಗಳಲ್ಲಿ ಕೊಂಡು ತಂದು ಕಾಡಿನಲ್ಲಿ ಸಿಂಪಡಿಸಿ ಗಂಡನ್ನು ಕರೆಯುತ್ತಾರೆ. ಮಣ್ಣಿನ, ಮರದ, ಇತರ ಪ್ರಾಣಿಗಳ ವಾಸನೆಯ ದ್ರವ್ಯಗಳನ್ನು ಬಟ್ಟೆಗೆ ಸವರಿಕೊಂಡು ತಮ್ಮ ವಾಸನೆಯನ್ನು ಮರೆಸುತ್ತಾರೆ. ಛಾದನದಿಂದ ಜಿಂಕೆಯ ಕಾವಲುಗಾರನ ಕಣ್ಣು ಕಟ್ಟಿದಂತಾಯಿತು; ಪ್ರಲೋಭನದಿಂದ ಕಾವಲುಗಾರನೇ ಕಳ್ಳನಿಗೆ ಬಾಗಿಲು ತೆರೆದಂತಾಯಿತು. ಗಂಧಕ್ಕೆ ದುಂಬಿ ಎಂಬ ಹಳೆಯ ದೃಷ್ಟಾಂತದ ಪಕ್ಕದಲ್ಲಿ ಈಗ ಜಿಂಕೆಯನ್ನೂ ನಿಲ್ಲಿಸಬೇಕಾಗಿದೆ.

ಗಂಧಕ್ಕಾಗಿಯೇ ಜೀವ ತೆರುವ ಹರಿಣವೂ ಒಂದಿದೆ. ಹಿಮಾಲಯದ ಕಸ್ತೂರೀಮೃಗದ ಗಂಡಿನ ಗ್ರಂಥಿಯಲ್ಲಿ ಹುಟ್ಟುವ ಕಸ್ತೂರಿಯು ಕಾವ್ಯಗಳಲ್ಲಿಯೂ ಗಂಧಯುಕ್ತಿಯ ಗ್ರಂಥಗಳಲ್ಲಿಯೂ ಪ್ರಸಿದ್ಧ. ಆ ಪ್ರಾಣಿಯನ್ನು ಕೊಂದು ಅದನ್ನು ಪಡೆಯುತ್ತಿದ್ದರೆಂಬುದನ್ನು ಆ ಗ್ರಂಥಗಳನ್ನು ಓದುವವರು ನೆನಪಿನಲ್ಲಿಡಬೇಕು.

೫. ಗಂಧದ ತತ್ತ್ವ

ಗಾಳಿಯನ್ನು ನೋಡಿ ನಡೆಯುವ ಬೇಟೆಗಾರನ ಅನುಭವಕ್ಕೆ ಜೈನ ಪ್ರಮಾಣಶಾಸ್ತ್ರದಲ್ಲಿ ಸೊಗಸಾದ ಉಪಪತ್ತಿಯಿದೆ. ತತ್ತ್ವಾರ್ಥಸೂತ್ರದ ಮೊದಲನೆಯ ಅಧ್ಯಾಯದ ಪ್ರಕಾರ ಕಣ್ಣು ಮತ್ತು ಮನಸ್ಸುಗಳಿಗೆ ವ್ಯಂಜನಾವಗ್ರಹವಿಲ್ಲ. ಉಳಿದ ನಾಲ್ಕು ಇಂದ್ರಿಯಗಳಿಗೆ ಇದೆ. ಎಂದರೆ ಸ್ಪರ್ಶನ, ರಸನ, ಘ್ರಾಣ, ಶ್ರೋತ್ರಗಳು ಪ್ರಾಪ್ಯಕಾರಿಗಳು. ವಿಷಯವು ಬಂದು ಮುಟ್ಟಿದಾಗಲೇ ಗ್ರಹಿಸುತ್ತವೆ. ಪೂಜ್ಯಪಾದರ ಸರ್ವಾರ್ಥಸಿದ್ಧಿಯೂ ಅಕಲಂಕರ ರಾಜವಾರ್ತಿಕವೂ ಇದನ್ನು ಸಮರ್ಥಿಸುತ್ತವೆ. ದೂರದಲ್ಲಿ ನಿಂತ ಬೇಡನ ವಾಸನೆ ಜಿಂಕೆಗೆ ತಿಳಿಯಬೇಕಾದರೆ ಗಂಧವುಳ್ಳ ಪುದ್ಗಲಗಳು ಅವನ ಮೈಯಿಂದ ಹೊರಟು ಗಾಳಿಯೊಡನೆ ಸಾಗಿ ಜಿಂಕೆಯ ಮೂಗನ್ನು ಸೇರಬೇಕು. ಗಾಳಿ ಎದುರಾದರೆ ಅವು ಸೇರಲಾರವು. ಕಣ್ಣಿಗೆ ಗಾಳಿಯ ಹಂಗಿಲ್ಲ. ಅದಕ್ಕೆ ಎಲೆಯ ಮರೆಯೇ ಬೇಕು.

ಎರಡನೆಯದಾಗಿ, ವೈಶೇಷಿಕರು ಗಂಧವನ್ನು ಪೃಥ್ವಿಯೊಂದರ ಗುಣವೆಂದರೆ, ಜೈನರು ಸ್ಪರ್ಶ, ರಸ, ಗಂಧ, ವರ್ಣಗಳು ನಾಲ್ಕೂ ಸಕಲ ಪುದ್ಗಲಗಳ ಗುಣಗಳೆನ್ನುತ್ತಾರೆ. ಗಂಧರಹಿತವಾದ ಪುದ್ಗಲವೇ ಇಲ್ಲ. ಹೀಗಾಗಿ ದೇಹಧಾರಿಯಾದವನು ತನ್ನ ಗಂಧವನ್ನು ಇಲ್ಲವಾಗಿಸಲಾರನು. ಬಲವತ್ತರವಾದ ಬೇರೊಂದು ಗಂಧದಿಂದ ಅದನ್ನು ಅಭಿಭವಗೊಳಿಸಬಹುದಷ್ಟೆ. ಅರ್ಥಶಾಸ್ತ್ರದ ‘ಛನ್ನ’ ಎಂಬ ಪದವು ಈ ದೃಷ್ಟಿಯಿಂದ ಸಮುಚಿತವಾಗಿದೆ. ಕೌಟಿಲ್ಯನು ಜೈನ ಸಿದ್ಧಾಂತವನ್ನು ಅನುಸರಿಸಿ ಆ ಪದವನ್ನು ಪ್ರಯೋಗಿಸಿದನೆಂದು ಹೇಳುವುದು ಸಾಹಸವಾದೀತು. ವನಚರರ ಅನುಭವವನ್ನು ಯಥಾವತ್ತಾಗಿ ಹೇಳಿದ ಪದವು ಸಿದ್ಧಾಂತದೊಡನೆ ತಾನಾಗಿಯೇ ಹೊಂದಿಕೊಂಡಿದೆಯೆಂದರೆ ಸಾಕು.

೬. ಹಿಂಸೆಯ ಆರಂಭವೆಲ್ಲಿ?

ಬಾಣವು ತಗುಲಿದಾಗ ಹಿಂಸೆಯಾಯಿತೆಂಬುದು ಲೋಕದ ಮತ. ಆಗಮದ ಲೆಕ್ಕ ಇದಕ್ಕಿಂತ ಸೂಕ್ಷ್ಮವಾದುದು. ಶ್ವೇತಾಂಬರ ಆಗಮವಾದ ವ್ಯಾಖ್ಯಾಪ್ರಜ್ಞಪ್ತಿಯ ಮೊದಲನೆಯ ಶತಕದ ಎಂಟನೆಯ ಉದ್ದೇಶದಲ್ಲಿ ಜಿಂಕೆಯ ಬೇಟೆಯೇ ಪ್ರಶ್ನೆಯ ವಿಷಯವಾಗಿದೆ. ಜಿಂಕೆಯನ್ನು ಕೊಲ್ಲುವ ಸಂಕಲ್ಪದಿಂದ ಪೊದೆಗಳ ಎಡೆಯಲ್ಲಿ ಕೂಟಪಾಶವನ್ನು ಒಡ್ಡಿದವನಿಗೆ, ಜಿಂಕೆ ಸಿಕ್ಕದಿದ್ದರೂ, ಕಾಯಿಕೀ, ಆಧಿಕರಣಿಕೀ, ಪ್ರಾದ್ವೇಷಿಕೀ ಎಂಬ ಮೂರು ಕ್ರಿಯೆಗಳು ಅಂಟುತ್ತವೆ. ಜಿಂಕೆ ಸಿಕ್ಕಿದರೆ ಪಾರಿತಾಪನಿಕೀ ಸೇರಿ ನಾಲ್ಕು. ಸತ್ತರೆ ಪ್ರಾಣಾತಿಪಾತಿಕೀ ಸೇರಿ ಐದು. ದಿಗಂಬರ ಪರಂಪರೆಯಲ್ಲಿಯೂ ಸರ್ವಾರ್ಥಸಿದ್ಧಿಯು ಸಾಂಪರಾಯಿಕ ಆಸ್ರವದ ಇಪ್ಪತ್ತೈದು ಕ್ರಿಯೆಗಳನ್ನು ಎಣಿಸುವಾಗ ಈ ಐದನ್ನೂ ಅಲ್ಪ ನಾಮಭೇದದೊಡನೆ ಹೇಳುತ್ತದೆ.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಇದನ್ನು ಇನ್ನೂ ವಿಭಾಗಿಸುತ್ತದೆ. ಸಂರಂಭ, ಸಮಾರಂಭ, ಆರಂಭಗಳೆಂಬ ಮೂರು, ಮನೋವಾಕ್ಕಾಯಯೋಗಗಳು ಮೂರು, ಕೃತ, ಕಾರಿತ, ಅನುಮತಗಳು ಮೂರು, ಕಷಾಯಗಳು ನಾಲ್ಕು. ಇವುಗಳನ್ನು ಗುಣಿಸಿದರೆ ೧೦೮ ಭೇದಗಳಾಗುತ್ತವೆ. ಕೊಲ್ಲುವೆನೆಂಬ ನಿಶ್ಚಯವು ಸಂರಂಭ. ಅದಕ್ಕೆ ಸಾಧನಗಳನ್ನು ಒದಗಿಸಿಕೊಳ್ಳುವುದು ಸಮಾರಂಭ. ಕಾರ್ಯಕ್ಕೆ ತೊಡಗುವುದು ಆರಂಭ. ಈ ಅಳತೆಯಲ್ಲಿ ವಾಸನೆಯ ದ್ರವ್ಯವನ್ನು ಮೈಗೆ ಸವರಿಕೊಳ್ಳುವಾಗಲೇ ಸಮಾರಂಭವು ನಡೆದಿರುತ್ತದೆ. ಮೃಗವು ಬಂದರೂ ಸರಿ, ಬಾರದಿದ್ದರೂ ಸರಿ.

ಇಲ್ಲಿ ಕ್ರಿಯಾಶೀಲವಾಗಿರುವ ಕಷಾಯವು ಯಾವುದೆಂಬುದೂ ವಿಚಾರಣೀಯ. ಬೇಟೆಯನ್ನು ಸಾಮಾನ್ಯವಾಗಿ ಕ್ರೌರ್ಯದ ಕಾರ್ಯವೆಂದು ನಿಂದಿಸುವುದುಂಟು. ಗಂಧದ ಉಪಾಯದಲ್ಲಿ ಅದಕ್ಕಿಂತ ಮುಂಚಿತವಾಗಿ ಮಾಯೆಯಿದೆ. ಮನುಷ್ಯನು ತಾನು ಮನುಷ್ಯನೆಂಬುದನ್ನು ಮರೆಸಿ, ಮೃಗದ ಮೂತ್ರಗಂಧದಿಂದ ಮೃಗದಂತೆ ತೋರುತ್ತಾನೆ. ಅದೇ ಆರನೆಯ ಅಧ್ಯಾಯದಲ್ಲಿ ಮಾಯೆಯನ್ನು ತಿರ್ಯಗಾಯುವಿನ ಆಸ್ರವಕ್ಕೆ ಕಾರಣವೆಂದು ಹೇಳಿರುವುದನ್ನು ಬಲ್ಲವರಿಗೆ ಈ ಸಂದರ್ಭದ ಗಾಂಭೀರ್ಯವನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

೭. ಪಾಪೋಪದೇಶವೂ ನಿಹ್ನವವೂ

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಅನರ್ಥದಂಡವಿರತಿಯ ವ್ಯಾಖ್ಯಾನದಲ್ಲಿ ಪಾಪೋಪದೇಶವೆಂಬ ದೋಷವು ಬರುತ್ತದೆ. ಇಂತಹ ದೇಶದಲ್ಲಿ ಜಿಂಕೆಗಳಿವೆ, ಹಂದಿಗಳಿವೆ, ಹಕ್ಕಿಗಳಿವೆ ಎಂದು ಬಲೆಗಾರರಿಗೂ ಬೇಡರಿಗೂ ತಿಳಿಸುವುದನ್ನು ಅಕಲಂಕರು ವಧಕೋಪದೇಶವೆಂದು ಕರೆದಿದ್ದಾರೆ. ಪಾಶ, ವಿಷ, ಆಯುಧಗಳನ್ನು ಕೊಡುವುದು ಹಿಂಸಾದಾನ. ಹಿಂಸೆಯ ಕಥೆಗಳನ್ನು ಕೇಳುವುದು ದುಃಶ್ರುತಿ. ಈ ನ್ಯಾಯದಿಂದ ಬೇಟೆಯ ಉಪಾಯವುಳ್ಳ ಗ್ರಂಥವನ್ನು ಮುದ್ರಿಸುವುದು ದೋಷವೆಂದು ತೋರುತ್ತದೆ.

ಆದರೆ ಇದಕ್ಕೆ ಎದುರಾದ ಇನ್ನೊಂದು ದೋಷವೂ ಸೂತ್ರದಲ್ಲಿದೆ. ಬಲ್ಲ ಜ್ಞಾನವನ್ನು ಅಡಗಿಸುವುದು ನಿಹ್ನವ. ಜ್ಞಾನಕ್ಕೆ ಅಡ್ಡಿ ಮಾಡುವುದು ಅಂತರಾಯ. ಪ್ರದೋಷ, ಮಾತ್ಸರ್ಯ, ಆಸಾದನ, ಉಪಘಾತಗಳೊಡನೆ ಇವೂ ಜ್ಞಾನಾವರಣದ ಆಸ್ರವಕ್ಕೆ ಕಾರಣಗಳೆಂದು ಅಲ್ಲಿ ಹೇಳಿದೆ. ತನಗೆ ಅಪ್ರಿಯವಾದ ಗರಿಯನ್ನು ಕಟ್ಟಿನಿಂದ ತೆಗೆದುಹಾಕುವ, ಅಥವಾ ‘ಇಲ್ಲಿ ಕೆಲವು ಪದ್ಯಗಳನ್ನು ಬಿಡಲಾಗಿದೆ’ ಎಂದು ಕೂಡ ತಿಳಿಸದೆ ಬಿಟ್ಟುಬಿಡುವ ಸಂಪಾದಕನು ಈ ದೋಷದಿಂದ ಪಾರಾಗಲಾರನು. ಹೀಗೆ ಒಂದು ಕಡೆ ಪಾಪೋಪದೇಶ, ಇನ್ನೊಂದು ಕಡೆ ನಿಹ್ನವ. ಎರಡರ ನಡುವಿನ ದಾರಿ ಕಿರಿದಾಗಿದೆ.

ನಮ್ಮ ಪೂರ್ವಸೂರಿಗಳು ಈ ದಾರಿಯಲ್ಲಿ ನಡೆದ ಬಗೆಯನ್ನು ಮೂರು ನಿದರ್ಶನಗಳಿಂದ ಅರಿಯಬಹುದು. ಪಂಪನು ತನ್ನ ಎರಡು ಕೃತಿಗಳಲ್ಲಿ ಒಂದರಿಂದ ಲೌಕಿಕವನ್ನೂ ಇನ್ನೊಂದರಿಂದ ಜಿನಾಗಮವನ್ನೂ ಬೆಳಗಿದೆನೆಂದು ವಿಭಾಗ ಮಾಡಿಕೊಂಡನು. ಬೇಟೆಯ ವರ್ಣನೆಯು ಲೌಕಿಕ ಕೃತಿಗೆ ಸೇರಿತು. ಅದನ್ನು ಅವನು ಅಡಗಿಸಲಿಲ್ಲ, ಆಗಮದ ಸ್ಥಾನದಲ್ಲಿ ಕೂಡಿಸಲೂ ಇಲ್ಲ.

ಎರಡನೆಯದು ಯಶೋಧರ ಕಥಾಪರಂಪರೆ. ಕ್ರಿ.ಶ. ೯೫೯ರಲ್ಲಿ ಸೋಮದೇವಸೂರಿಯ ಯಶಸ್ತಿಲಕವೂ, ೧೨೦೯ರಲ್ಲಿ ಜನ್ನನ ಯಶೋಧರಚರಿತೆಯೂ ಈ ಕಥೆಯನ್ನು ಹೇಳಿದುವು. ಶಬ್ದವೇಧಿಯಾದ ಯಶೋಮತಿಯು ಕೂಗನ್ನು ಕೇಳಿದ ಮಾತ್ರದಿಂದ ಕೋಳಿಗಳನ್ನು ಕೊಲ್ಲುತ್ತಾನೆ. ಆ ಕೋಳಿಗಳು ಅವನ ತಂದೆ ಮತ್ತು ಅಜ್ಜಿಯರ ಜೀವಗಳೆಂಬುದು ಅವನಿಗೆ ತಿಳಿಯದು. ಬೇಟೆಗೆ ಹೊರಟ ಅದೇ ಯಶೋಮತಿ ಸುದತ್ತಮುನಿಯನ್ನು ಕಂಡು ಅಪಶಕುನವೆಂದು ಐನೂರು ನಾಯಿಗಳನ್ನು ಛೂಬಿಟ್ಟನೆಂದೂ, ಅವು ಮುನಿಗೆ ನಮಿಸಿ ನಿಂತುವೆಂದೂ ಈ ಪರಂಪರೆಯಲ್ಲಿ ಪ್ರಸಿದ್ಧವಾಗಿದೆ. ಇಂದ್ರಿಯಪಾಟವವು ಎಷ್ಟಿದ್ದರೂ ಜೀವಸ್ವರೂಪದ ಅರಿವಿಲ್ಲದಿದ್ದರೆ ಅದು ಕುರುಡೆಂಬುದನ್ನು ಬೇಟೆಯ ಕೌಶಲದಿಂದಲೇ ತೋರಿಸಿಕೊಟ್ಟಂತಾಯಿತು.

ಮೂರನೆಯದು ಹಂಸದೇವನೆಂಬ ಜೈನ ಪಂಡಿತನ ಮೃಗಪಕ್ಷಿಶಾಸ್ತ್ರ. ಹದಿಮೂರನೆಯ ಶತಮಾನದ್ದೆಂದು ಸಾಮಾನ್ಯವಾಗಿ ಭಾವಿಸಲಾದ ಈ ಸಂಸ್ಕೃತ ಗ್ರಂಥವು ಇಪ್ಪತ್ತನೆಯ ಶತಮಾನದಲ್ಲಿ ಬೆಳಕಿಗೆ ಬಂದು, ೧೯೨೭ರಲ್ಲಿ ಎಂ. ಸುಂದರಾಚಾರ್ಯರಿಂದ ಇಂಗ್ಲಿಷಿಗೆ ಅನುವಾದಗೊಂಡಿತು. ಶೌಡದೇವನೆಂಬ ಅರಸನು ಬೇಟೆಗೆ ಹೋದಾಗ ಕಂಡ ಮೃಗಪಕ್ಷಿಗಳ ವೈವಿಧ್ಯಕ್ಕೆ ಬೆರಗಾಗಿ, ಅವುಗಳನ್ನು ಕುರಿತು ಶಾಸ್ತ್ರವೊಂದು ರಚಿತವಾಗಬೇಕೆಂದು ಬಯಸಿದನೆಂಬುದು ಅದರ ಹುಟ್ಟಿನ ವೃತ್ತಾಂತ. ಬೇಟೆಯ ದಾರಿಯಲ್ಲಿ ಹೊರಟ ಕುತೂಹಲವು ಪ್ರಾಣಿಗಳ ಸ್ವಭಾವವನ್ನು ಬಣ್ಣಿಸುವ ಗ್ರಂಥದಲ್ಲಿ ಮುಗಿಯಿತು.

ಈ ಮೂರರಿಂದಲೂ ಒಂದು ನಿರ್ಣಯಕ್ಕೆ ಬರಬಹುದು. ಪಾಪೋಪದೇಶದ ದೋಷವು ವಿಷಯಮಾತ್ರದಿಂದ ಉಂಟಾಗದು. ಯಾರಿಗೆ, ಯಾವ ಪ್ರಯೋಜನಕ್ಕಾಗಿ ಹೇಳಲಾಯಿತೆಂಬುದರಿಂದ ಉಂಟಾಗುತ್ತದೆ. ವಧಕನಿಗೆ ವಧೆಗಾಗಿ ಹೇಳಿದುದು ವಧಕೋಪದೇಶ. ಗ್ರಂಥದ ಪಾಠವನ್ನು ಶುದ್ಧವಾಗಿ ಕೊಟ್ಟು, ಪ್ರಾಣಿಯ ಸ್ವಭಾವವನ್ನು ತಿಳಿಸಿ, ಶಾಸ್ತ್ರದೃಷ್ಟಿಯ ಟಿಪ್ಪಣಿಯನ್ನು ಜೊತೆಗಿಟ್ಟರೆ ಅದು ಜ್ಞಾನದಾನ. ಮೂಲದ ಒಂದಕ್ಷರವನ್ನೂ ಬಿಡಲಾಗದು. ಬೇಟೆಯ ಯೋಗಗಳನ್ನು ಇಂದಿನ ದ್ರವ್ಯಗಳ ಹೆಸರಿನೊಡನೆ ಬಳಕೆಗೆ ಬರುವಂತೆ ಸಂಪಾದಕನು ತಾನಾಗಿ ಬೆಳೆಸಲೂ ಆಗದು.

೮. ಇಂದಿನ ಕಾಲಕ್ಕೆ

೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನು ಬೇಟೆಯನ್ನು ನಿಷೇಧಿಸಿದೆ. ಆ ಕಾನೂನಿನ ಪರಿಭಾಷೆಯಲ್ಲಿ ಕೊಲ್ಲುವುದಷ್ಟೇ ಬೇಟೆಯಲ್ಲ. ಹಿಡಿಯುವುದು, ಉರುಳು ಹಾಕುವುದು, ಬಲೆಯೊಡ್ಡುವುದು, ಬೆದರಿಸಿ ಅಟ್ಟುವುದು, ಆಮಿಷವೊಡ್ಡಿ ಸೆಳೆಯುವುದು, ಮತ್ತು ಇವುಗಳ ಪ್ರತಿಯೊಂದು ಪ್ರಯತ್ನವೂ ಬೇಟೆಯೇ. ಸಮಾರಂಭವನ್ನೂ ಹಿಂಸೆಯ ಲೆಕ್ಕಕ್ಕೆ ಸೇರಿಸಿದ ಸೂತ್ರಕಾರರ ದೃಷ್ಟಿಗೂ ಈ ಪರಿಭಾಷೆಗೂ ಇರುವ ಸಾಮ್ಯವು ಪಂಡಿತರಿಗೆ ಸಂತೋಷವನ್ನುಂಟುಮಾಡತಕ್ಕದ್ದು.

ಗಂಧಪ್ರಲೋಭನದಿಂದ ಬೇಟೆಗಾರನು ನಿರೀಕ್ಷಿಸದ ಅನರ್ಥವೂ ಸಂಭವಿಸುತ್ತದೆಂದು ಅಮೆರಿಕದ ಅನುಭವವು ತೋರಿಸಿದೆ. ಜಿಂಕೆಗಳನ್ನು ಸೊರಗಿಸಿ ಕೊಲ್ಲುವ ರೋಗವೊಂದು ೧೯೬೭ರಲ್ಲಿ ಕೊಲರಾಡೊದಲ್ಲಿ ಮೊದಲು ಗಮನಕ್ಕೆ ಬಂದಿತು. ವಿಕೃತವಾದ ಪ್ರೋಟೀನೊಂದು ಇದಕ್ಕೆ ಕಾರಣವಾಗಿದ್ದು, ರೋಗಗ್ರಸ್ತ ಜಿಂಕೆಯ ಜೊಲ್ಲು, ಮಲ, ಮೂತ್ರಗಳ ಮೂಲಕ ಅದು ಹೊರಬೀಳುತ್ತದೆ. ಆದಕಾರಣ ಅಲ್ಲಿನ ಕೆಲವು ರಾಜ್ಯಗಳು ಸಹಜವಾದ ಜಿಂಕೆಮೂತ್ರದ ಬಳಕೆಯನ್ನು ಬೇಟೆಯಲ್ಲಿ ನಿಷೇಧಿಸಿವೆ. ಒಂದು ಜಿಂಕೆಯನ್ನು ಸೆಳೆಯಲು ಚೆಲ್ಲಿದ ದ್ರವ್ಯವು ಕಾಡಿನ ಇತರ ಜಿಂಕೆಗಳಿಗೂ ಮೃತ್ಯುವಾಗಬಹುದು.

ದೊಡ್ಡಬಳ್ಳಾಪುರದ ಸೀಮೆಯಿಂದ ಉತ್ತರಕ್ಕೆ, ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ, ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಪ್ರದೇಶವು ೨೦೦೭ರಲ್ಲಿ ಘೋಷಿತವಾಯಿತು. ಅಂತಹ ಹುಲ್ಲುಬಯಲನ್ನು ಕಾಯುವವನಿಗೆ ಗಾಳಿಯ ದಿಕ್ಕು, ಹಿಕ್ಕೆಯ ರಾಶಿ, ಹೆಜ್ಜೆಯ ಗುರುತುಗಳ ಜ್ಞಾನವು ಬೇಡನಿಗೆ ಬೇಕಾದಷ್ಟೇ ಬೇಕು. ಕೌಟಿಲ್ಯನ ನಾಗವನಪಾಲರು ಛನ್ನಗಂಧರಾಗಿ ಕಾಡನ್ನು ಹೊಕ್ಕುದು ಹಿಂಡುಗಳ ಪರಿಮಾಣವನ್ನು ತಿಳಿಯಲೆಂದೇ ಆಗಿತ್ತು. ಜ್ಞಾನವು ಒಂದೇ, ಅದನ್ನು ಹಿಡಿದ ಕೈ ಯಾವುದೆಂಬುದರಿಂದ ಅದು ರಕ್ಷಣೆಯೋ ವಧೆಯೋ ಆಗುತ್ತದೆ.

ಹದಿನಾರನೆಯ ತೀರ್ಥಂಕರರಾದ ಶಾಂತಿನಾಥರ ಲಾಂಛನವು ಜಿಂಕೆ. ಇಪ್ಪತ್ತೆರಡನೆಯವರಾದ ನೇಮಿನಾಥರು ವಿವಾಹದ ಭೋಜನಕ್ಕೆಂದು ಕೂಡಿಹಾಕಿದ ಮೃಗಗಳ ಆಕ್ರಂದನವನ್ನು ಕೇಳಿ ವಿರಕ್ತರಾದರು. ಬೇಡನ ಗಾನಕ್ಕೆ ಜಿಂಕೆ ಕಿವಿಗೊಟ್ಟು ಕೆಟ್ಟಿತು; ಜಿಂಕೆಯ ಕೂಗಿಗೆ ಕಿವಿಗೊಟ್ಟವರು ಮೋಕ್ಷಮಾರ್ಗವನ್ನು ಹಿಡಿದರು. ಗಂಗರ ಗಜಶಾಸ್ತ್ರದಂತಹ ಗ್ರಂಥಗಳು ಭಂಡಾರಗಳ ಮೂಲೆಯಲ್ಲಿ ಎಂದಾದರೂ ದೊರೆತರೆ, ಅವುಗಳನ್ನು ಬಿಚ್ಚುವ ಸಂಪಾದಕರು ಈ ಎರಡು ಬಗೆಯ ಕೇಳುವಿಕೆಯ ಅಂತರವನ್ನು ಅರಿತು ಕಾರ್ಯಪ್ರವೃತ್ತರಾಗುವುದು ಉಚಿತ.